ಪೀಣ್ಯದ ಪಕ್ಕ ನಾವೂ ಇದೀವಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಫ್ಯಾಕ್ಟರಿ ಏರಿಯಾ ಪೀಣ್ಯ ಅಂದ್ರೆ ಪೇಪರ್‌ನಲ್ಲಿ ಬರೋದು ಒಂದಾ ಟ್ರಾಫಿಕ್ಕು ಇಲ್ಲಾ ಹೊಗೆ. ಅದರ ಪಕ್ಕದಲ್ಲೇ ಲಗ್ಗೆರೆ ಸ್ಲಂ ಬೋರ್ಡ್ ಕ್ವಾರ್ಟರ್ಸ್ ಇದೆ, ನಾವಿರೋದು ಅಲ್ಲೇ. ಬೆಳಿಗ್ಗೆ ಗಾರ್ಮೆಂಟ್ಸ್‌ಗೆ ಹೋಗೋ ಹೆಂಗಸ್ರು, ಲೇತು, ಪ್ಲೇಟಿಂಗ್ (ಲೋಹಕ್ಕೆ ಲೇಪ ಹಾಕೋ) ಕೆಲಸಕ್ಕೆ ಹೋಗೋ ಗಂಡಸ್ರು ಎಲ್ಲಾ ಊಟದ ಡಬ್ಬಿ ಹಿಡ್ಕೊಂಡು ಹೊರಟ್ರು ಅಂದ್ರೆ ಆಮೇಲೆ ಬೀದಿ ಎಷ್ಟು ಸೈಲೆಂಟು ಅಂದ್ರೆ ಎದುರುಮನೆ ಕುಕ್ಕರ್ ವಿಷಲ್ ಎಣಿಸ್ಬೋದು, ನೈಟ್ ಶಿಫ್ಟ್ ಮುಗಿಸಿ ಬಂದೋರು ಮಲಗಿರ್ತಾರೆ ಅಂತ ಮಕ್ಳೂ ಮೆಟ್ಟಿಲ ಹತ್ರ ಕೂಗಾಡಲ್ಲ, ನಮ್ಮಮ್ಮ ಬಟ್ಟೆ ಒಗೆಯೋದನ್ನೇ ಮಧ್ಯಾಹ್ನಕ್ಕೆ ಇಟ್ಕೊಂಡಿದ್ದಾರೆ. ಯಾರೂ ಬೋರ್ಡ್ ಹಾಕಿ ಹೇಳಿದ್ದಲ್ಲ ಇದು.

ಭಯ ಇರೋದು ನೀರಿಂದು. ಪೀಣ್ಯ ಸುತ್ತಮುತ್ತ ಅಂತರ್ಜಲದಲ್ಲಿ ಕ್ರೋಮಿಯಂ ಅನ್ನೋ ವಿಷದ ಲೋಹ ಸಿಕ್ಕಿರೋದು ಹಳೇ ಸುದ್ದಿ, ಎಲೆಕ್ಟ್ರೋಪ್ಲೇಟಿಂಗ್ ಮಾಡಿದ ನೀರು ವರ್ಷಾನುಗಟ್ಲೆ ಭೂಮಿಗೆ ಇಂಗಿದ್ರೆ ಇನ್ನೇನಾಗುತ್ತೆ, ಅದು ಕುದಿಸಿದ್ರೂ ಹೋಗಲ್ಲ, ಬಟ್ಟೇಲಿ ಸೋಸಿದ್ರೂ ಹೋಗಲ್ಲ. ಅದಕ್ಕೇ ಬೋರ್ ನೀರು ಪಾತ್ರೆಗೆ, ನೆಲಕ್ಕೆ ಅಷ್ಟೇ. ಕಾವೇರಿ ನೀರು ಬರೋ ದಿನ ಬಿಂದಿಗೆ ಸಾಲು ಮೆಟ್ಟಿಲವರೆಗೂ ಇರುತ್ತೆ, ಮೂರನೇ ಮಹಡಿ ಅಜ್ಜಿ ಬಿಂದಿಗೇನ ಹುಡುಗ್ರೇ ಹೊತ್ಕೊಂಡು ಹೋಗಿ ಕೊಡ್ತಾರೆ.

2014ರಲ್ಲಿ ಪೀಣ್ಯಕ್ಕೆ ಮೆಟ್ರೋನೇ ಬಂತು. ನಾವು ಕೇಳ್ತಿರೋದು ಅಷ್ಟು ದೊಡ್ಡದೇನಲ್ಲ: ವರ್ಷಕ್ಕೆ ಎರಡು ಸಲ ನಮ್ಮ ಬೋರ್ ನೀರು ಟೆಸ್ಟ್ ಮಾಡಿಸಿ, ರಿಪೋರ್ಟ್‌ನ ಕನ್ನಡದಲ್ಲಿ ಪಂಪ್ ರೂಮ್ ಬಾಗಿಲಿಗೆ ಅಂಟಿಸಿ. ಸಂಬಂಧಪಟ್ಟೋರು ದಯವಿಟ್ಟು ಈ ಮಳೆಗಾಲದ ಒಳಗೆ ಮಾಡ್ಸಿ.

– ಕ್ವಾರ್ಟರ್ಸ್ ನಿವಾಸಿ, ಲಗ್ಗೆರೆ, ಬೆಂಗಳೂರು