ಪದೇ ಪದೇ ಆಫ್ ಆಗುವ ಕಂಪ್ಯೂಟರ್: ಫಾರ್ಮ್ಯಾಟ್‌ಗೆ ಮೊದಲು ಇಷ್ಟು ನೋಡಿ

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಹಲವರು ಇದೇ ತೊಂದರೆ ಕೇಳಿದ್ದೀರಿ, ಅದಕ್ಕೆ ಒಂದೇ ಕಡೆ ಬರೆಯುತ್ತಿದ್ದೇನೆ. ಮೊದಲು ಫೋಟೋ, ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

ನೀಲಿ ಪರದೆ ಬರುತ್ತದಾ, ಅಥವಾ ಏನೂ ಹೇಳದೆ ಫಟ್ ಅಂತ ಆಫ್ ಆಗುತ್ತದಾ? ಇದು ಮುಖ್ಯ. ನೀಲಿ ಪರದೆಯಾದರೆ ಅದರ ಕೋಡ್ ಕಾಣುವ ಹಾಗೆ ಫೋಟೋ ತೆಗೆದು ಇಲ್ಲಿ ಹಾಕಿ. ಹೆಚ್ಚಾಗಿ ಡ್ರೈವರ್ (ಯಂತ್ರದ ಭಾಗಗಳನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ಅಥವಾ ರ್‍ಯಾಮ್ (ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿ) ಕಡೆ ಅನುಮಾನ ಹೋಗುತ್ತದೆ. ವಿಂಡೋಸ್‌ನಲ್ಲೇ ಅದನ್ನು ಪರೀಕ್ಷಿಸುವ 'ಮೆಮೊರಿ ಡಯಾಗ್ನೋಸ್ಟಿಕ್' ಇದೆ, ರಾತ್ರಿ ಓಡಿಸಿ ಮಲಗಿ. ಎರಡು ರ್‍ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ತಪ್ಪು ಯಾವುದರದ್ದು ಅಂತ ಬೇಗ ಗೊತ್ತಾಗುತ್ತದೆ.

ಫಟ್ ಅಂತ ಆಫ್ ಆದರೆ ಬಿಸಿ ಅಥವಾ ಕರೆಂಟ್. ಗೇಮ್ ಆಡುವಾಗ, ವಿಡಿಯೋ ಎಡಿಟ್ ಮಾಡುವಾಗ ಮಾತ್ರ ಹೀಗಾದರೆ ಬಿಸಿ ಇರಬಹುದು. ಪ್ರೊಸೆಸರ್ ಸುಮಾರು 100 ಡಿಗ್ರಿ ಮುಟ್ಟಿದರೆ ಮೊದಲು ವೇಗ ತಗ್ಗಿಸುತ್ತದೆ, ಇನ್ನೂ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಂತುಬಿಡುತ್ತದೆ. ಪ್ಲಗ್ ತೆಗೆದು, ಫ್ಯಾನ್ ತಿರುಗದಂತೆ ಹಿಡಿದು ಧೂಳು ಊದಿ. ಎಸ್‌ಎಂಪಿಎಸ್ (ಒಳಗೆ ಕರೆಂಟ್ ಪೂರೈಸುವ) ಡಬ್ಬ ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ.

ಇವೆಂಟ್ ವ್ಯೂವರ್‌ನಲ್ಲಿ (ವಿಂಡೋಸ್ ಬರೆದಿಡುವ ದಾಖಲೆ ಪಟ್ಟಿ) 'ಕರ್ನಲ್ ಪವರ್ 41' ಕಂಡು ಗಾಬರಿಯಾಗಬೇಡಿ. ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತ ಅಷ್ಟೇ ಅದು ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಅದಕ್ಕಿಂತ ವಿಂಡೋಸ್‌ನಲ್ಲೇ ಇರುವ 'ರಿಲಯಬಿಲಿಟಿ ಮಾನಿಟರ್' ನೋಡಿ, ತೊಂದರೆ ಯಾವ ದಿನದಿಂದ ಶುರು ಅಂತ ತಿಳಿಯುತ್ತದೆ. ಆ ದಿನ ಹೊಸ ಅಪ್‌ಡೇಟ್ ಬಂದಿತ್ತಾ?

ಮತ್ತೆ, 'ನಿಮ್ಮ ಕಂಪ್ಯೂಟರ್ ರಿಪೇರಿ ಮಾಡ್ತೀವಿ' ಅಂತ ಫೋನ್ ಬಂದರೆ ಸುಮ್ನೆ ಕಟ್ ಮಾಡಿ.