ಪುತ್ತರಿ ಕೋಲಾಟ ಆಡಿ ಮುಗಿಸ್ದೆ, ಎಲ್ರಿಗೂ ಥ್ಯಾಂಕ್ಸ್

ಮೊನ್ನೆ ಪುತ್ತರಿಗೆ, ಅಂದ್ರೆ ನಮ್ಮ ಕೊಡಗಿನ ಸುಗ್ಗಿ ಹಬ್ಬಕ್ಕೆ, ಮಂದ್‌ನಲ್ಲಿ (ಊರ ಮೈದಾನದಲ್ಲಿ) ಕೋಲು ಹಿಡ್ಕೊಂಡಿರೋ ನನ್ನ ಫೋಟೋ ನೋಡಿ ತುಂಬಾ ಜನ ಮೆಸೇಜ್ ಮಾಡಿದ್ರಿ, ಒಬ್ಬೊಬ್ರಿಗೇ ರಿಪ್ಲೈ ಮಾಡೋಕೆ ಆಗ್ತಿಲ್ಲ, ಅದಕ್ಕೆ ಇಲ್ಲೇ ಬರೀತಿದೀನಿ. ಹೋದ ಪುತ್ತರಿಗೆ ನಾನು ಮಂದ್ ಬದೀಲಿ ಪ್ಲಾಸ್ಟಿಕ್ ಕುರ್ಚೀಲಿ ಕೂತಿದ್ದು ಊರಿಗೆಲ್ಲ ಗೊತ್ತು, ಎರಡೂ ಮಂಡಿ ಸವೆದಿದೆ ಅಂತ ಎಕ್ಸ್‌ರೇಲಿ ಬಂದಿತ್ತು, ತೋಟದ ಇಳಿಜಾರು ಇಳಿಯೋದೇ ಕಷ್ಟ ಆಗಿತ್ತು.

ಮೊದಲು ವಿರಾಜಪೇಟೆಯ ಫಿಸಿಯೋ ಮೇಡಂಗೆ. ಸಿಕ್ಕಿದವರೆಲ್ಲ ರೆಸ್ಟ್ ಮಾಡಿ ನಡೀಬೇಡಿ ಅಂತಿದ್ದಾಗ ಇವರೊಬ್ರೇ ಉಲ್ಟಾ ಹೇಳಿದ್ದು. ಕೀಲಿನ ಮೃದ್ವಸ್ಥಿಗೆ ರಕ್ತನಾಳನೇ ಇಲ್ವಂತೆ, ಮಂಡಿ ಆಡ್ತಾ ಇದ್ರೇನೇ ಒಳಗಿನ ದ್ರವದಿಂದ ಅದಕ್ಕೆ ಪೋಷಣೆ ಸಿಗೋದು, ಜೊತೆಗೆ ತೊಡೆ ಸ್ನಾಯು ಗಟ್ಟಿ ಇದ್ರೆ ಮಂಡಿಗೆ ಆಸರೆ. ಕೈ ಊರದೆ ಕುರ್ಚಿಯಿಂದ ಏಳಿ, ಕೂರೋವಾಗ ಧೊಪ್ ಅಂತ ಬೀಳದೆ ನಿಧಾನಕ್ಕೆ ಕೂರಿ, ಇದೇ ದಿನಾ. ಭಯಂಕರ ಬೋರ್ ಮೇಡಂ ಅಂದೆ. ಮತ್ತೇನು ಇಷ್ಟ ನಿಮಗೆ ಅಂತ ಕೇಳಿದ್ರು, ಕೋಲಾಟ ಅಂದೆ, ಹಾಗಾದ್ರೆ ಆಡಿ ತೋರ್ಸಿ ಅಂದ್ರು. ಟೇಬಲ್ ಮೇಲಿದ್ದ ಎರಡು ಸ್ಕೇಲ್ ಎತ್ಕೊಂಡು ಕ್ಲಿನಿಕ್ಕಲ್ಲೇ ಹೆಜ್ಜೆ ಹಾಕ್ದೆ, ಹೊರಗೆ ಕಾಯ್ತಿದ್ದ ಪೇಷಂಟ್‌ಗಳೆಲ್ಲ ಇಣುಕಿ ನೋಡ್ತಿದ್ರು. ಮೇಡಂ ಮಾತ್ರ ನನ್ನ ಕಾಲನ್ನೇ ನೋಡ್ತಾ, ಬಗ್ಗೋದು ಇದೆ, ಒಂದೇ ಕಾಲಿಗೆ ಭಾರ ಹಾಕೋದು ಇದೆ, ತಿರುಗೋದು ಇದೆ, ಅರ್ಧ ಮಾತ್ರ ಬಗ್ಗಿ, ಮಾರನೇ ದಿನ ಬೆಳಿಗ್ಗೆ ನೋವು ಜಾಸ್ತಿ ಆಗಿದ್ರೆ ಸ್ವಲ್ಪ ಕಮ್ಮಿ ಮಾಡಿ, ಪೂರ್ತಿ ಬಿಡಬೇಡಿ ಅಂದ್ರು.

ಅಲ್ಲಿಂದ ಅಣ್ಣನ ಮಕ್ಕಳ ಪಾಳಿ. ಜೂನ್‌ನಿಂದ ನಮ್ಮಲ್ಲಿ ಮಳೆ ಗೊತ್ತಲ್ಲ, ವಾಕಿಂಗ್ ಅನ್ನೋ ಮಾತೇ ಇಲ್ಲ. ಸಂಜೆ ಆದ್ರೆ ಇವೆರಡು ಜಗಲೀಲಿ ದುಡಿ ಬಾರಿಸೋಕೆ ಶುರು ಮಾಡೋವು, ಚಿಕ್ಕಪ್ಪ ಎದ್ದೇಳಿ ಅಂತ. ನಾನು ಒಲ್ಲೆ ಅಂದ್ರೂ ದುಡಿ ನಿಲ್ಲಿಸ್ತಿರ್ಲಿಲ್ಲ, ಆ ಗಲಾಟೆ ಕೇಳೋದಕ್ಕಿಂತ ಆಡೋದೇ ವಾಸಿ ಅನ್ಸೋದು.

ಊಟದ ಕ್ರೆಡಿಟ್ ಪೂರ್ತಿ ಹೆಂಡ್ತಿಗೆ. ವಯಸ್ಸಾದವರಿಗೆ ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅಂತ ಕೇಳ್ಕೊಂಡು ಬಂದವಳು ಅವಳೇ, ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಹುರುಳಿ ಸಾರು ಇಲ್ಲಾ ಮತ್ತಿ ಮೀನು, ಮೊಸರು. ಕಡಂಬುಟ್ಟು (ಅಕ್ಕಿ ಉಂಡೆ) ಪಂದಿಕರಿ (ಹಂದಿ ಸಾರು) ನಿಂತಿಲ್ಲ, ನಿಲ್ಲಿಸಿದ್ರೆ ಈ ಥ್ಯಾಂಕ್ಸ್ ಇರ್ತಿರ್ಲಿಲ್ಲ 😄 ಬರೀ ಪುಟ್ಟಿನ ಲೆಕ್ಕ ಕಮ್ಮಿ ಆಯ್ತು, ತೂಕನೂ ಇಳೀತು. ಒಂದು ಕೆಜಿ ಇಳಿದ್ರೆ ಪ್ರತಿ ಹೆಜ್ಜೇಲೂ ಮಂಡಿಗೆ ಸುಮಾರು ನಾಲ್ಕು ಕೆಜಿ ಭಾರ ಕಮ್ಮಿಯಂತೆ! ಆದ್ರೆ ಅವ್ವ ಮಾತ್ರ ಇದ್ಯಾವ್ದನ್ನೂ ಒಪ್ಪಲ್ಲ, ಮಳೆಗಾಲದ ಕಕ್ಕಡ ತಿಂಗಳ 18ನೇ ದಿನ ಕೊಟ್ಟ ಮದ್ದುಸೊಪ್ಪಿನ ಪಾಯಸದಿಂದಲೇ ಎಲ್ಲ ಸರಿಯಾಗಿದ್ದು ಅಂತಾರೆ, ಅವರಿಗೂ ಥ್ಯಾಂಕ್ಸ್, ವಾದ ಮಾಡೋಕೆ ಧೈರ್ಯ ಇಲ್ಲ.

ನಾನು ಇಳಿಯೋಕಾಗದ ದಿನಗಳಲ್ಲಿ ತೋಟ ನೋಡ್ಕೊಂಡ ನಮ್ಮ ತೋಟದ ಲೆಕ್ಕ ನೋಡೋ ರೈಟರಣ್ಣನ್ನ ಮರೆಯೋ ಹಾಗೇ ಇಲ್ಲ. ಮಂದ್‌ನಲ್ಲಿ ಪರೆಯಕಳಿಗೂ (ಬೆತ್ತದಾಟಕ್ಕೂ) ಕರೆದ ಹುಡುಗರಿಗೆ ದೊಡ್ಡ ನಮಸ್ಕಾರ, ಮಂಡಿ ಕೆಳಗೆ ಬೆತ್ತದೇಟು ತಿನ್ನೋಕೆ ಫಿಸಿಯೋ ಪರ್ಮಿಷನ್ ಕೊಟ್ಟಿಲ್ಲ ಕಣ್ರೋ.

ಕಾಫಿ ಕೊಯ್ಲಿನ ಮಧ್ಯೆ ಒಂದು ಭಾನುವಾರ ಸಿಕ್ರೆ ತಡಿಯಂಡಮೋಳ್ ಬೆಟ್ಟ ಹತ್ತೋಣ ಅಂತಿದೆ, 1,748 ಮೀಟರ್, ಎಷ್ಟಾಗುತ್ತೋ ಅಷ್ಟು. ಇಳಿಯೋವಾಗಲೇ ಮಂಡಿಗೆ ಜಾಸ್ತಿ ಕಷ್ಟ, ಅದಕ್ಕೆ ಊರುಗೋಲು ಇರುತ್ತೆ, ಯಾರೂ ನಗಬಾರ್ದು. ಬರೋರು ಹೇಳಿ, ನಾಲ್ಕುನಾಡು ಅರಮನೆ ಹತ್ರ ಸೇರೋಣ, ಮೊಟ್ಟೆ ನಾನು ಬೇಯಿಸ್ಕೊಂಡು ಬರ್ತೀನಿ.