ಬಸ್ ಚಾಲಕರನ್ನು ಬೈಯುವ ಬದಲು

ಸದಸ್ಯರೇ, ನಮಸ್ಕಾರ.

ಎರಡು ದಿನಗಳಿಂದ ಗುಂಪಿನ ತುಂಬ ಬಸ್ ಚಾಲಕರ ಮೇಲಿನ ಸಿಟ್ಟೇ. ದಯವಿಟ್ಟು ಸಾಕು ಮಾಡಿ. ಸೀಟು ತುಂಬುವವರೆಗೆ ಬಸ್ ಕದಲುವುದಿಲ್ಲ, ಹಿಂದೆ ಇನ್ನೊಂದು ಕಾಣಿಸಿದೊಡನೆ ಬಾಗಿಲಲ್ಲಿ ಜನ ನೇತಾಡುತ್ತಿದ್ದರೂ ಓಡುತ್ತದೆ, ನಿಜ. ಆದರೆ ಆ ದಿನದ ಟಿಕೆಟ್ ಹಣದಲ್ಲೇ ತನ್ನ ಕೂಲಿ ಹುಟ್ಟಬೇಕಾದ ಚಾಲಕ ಬೇರೇನು ಮಾಡಿಯಾನು? ಕೊಲಂಬಿಯಾದ ರಾಜಧಾನಿ ಬೊಗೋಟಾದ ಜನ ಇದನ್ನು ‘ಕಾಸಿನ ಕದನ’ ಎಂದೇ ಕರೆಯುತ್ತಿದ್ದರು. ಅಲ್ಲಿ 2000ದಲ್ಲಿ ಟ್ರಾನ್ಸ್‌ಮಿಲೆನಿಯೊ ಎಂಬ ಬಸ್ ವ್ಯವಸ್ಥೆ ಶುರುವಾದಾಗ ಬಸ್ಸಿಗೆ ಪ್ರತ್ಯೇಕ ಪಥ ಸಿಕ್ಕಿತು, ಮುಖ್ಯ ಮಾರ್ಗಗಳ ಕಂಪನಿಗಳಿಗೆ ಓಡಿಸಿದ ಕಿಲೋಮೀಟರ್ ಲೆಕ್ಕದಲ್ಲಿ ಹಣ ಕೊಡಲಾಯಿತು. ಬ್ರೆಜಿಲ್ ದೇಶದ ಕುರಿಟೀಬಾ ನಗರ 1974ರಲ್ಲೇ ಬಸ್ ಪಥ ಮಾಡಿ, ಎತ್ತರದ ಕಟ್ಟಡಗಳಿಗೆ ಅದರ ಪಕ್ಕದಲ್ಲೇ ಜಾಗ ಕೊಟ್ಟಿತು. ಊರು ಬೆಳೆಯುತ್ತಿರುವಾಗಲೇ ಮಾಡಬೇಕಾದ ಕೆಲಸವಿದು.

ಈ ವಾರ ನಿಮ್ಮಿಂದ ಬೇಕಾದದ್ದು ಇಷ್ಟೇ: ನಿಲ್ದಾಣ, ಮಾರ್ಗಸಂಖ್ಯೆ, ನೀವು ಬಂದು ನಿಂತ ಹೊತ್ತು, ಬಸ್ ಬಂದ ಹೊತ್ತು. ಹತ್ತು ನಿಮಿಷಕ್ಕೊಂದು ಬಸ್ ಬಂದರೆ ಸರಾಸರಿ ಐದು ನಿಮಿಷ ಕಾಯುತ್ತೇವೆ. ಅದೇ ಮೂರು ಬಸ್ಸುಗಳು ಒಂದರ ಬಾಲ ಒಂದು ಹಿಡಿದು ಬಂದು, ಮತ್ತೆ ಅರ್ಧ ಗಂಟೆ ಏನೂ ಬಾರದಿದ್ದರೆ ಸರಾಸರಿ ಕಾಯುವಿಕೆ 15 ನಿಮಿಷ. ಕಚೇರಿಯ ಲೆಕ್ಕದಲ್ಲಿ ಎರಡೂ ಗಂಟೆಗೆ ಆರು ಬಸ್ಸುಗಳೇ! ಈ ವ್ಯತ್ಯಾಸವನ್ನು ತೋರಿಸಬಲ್ಲವರು ಬಿಸಿಲಲ್ಲಿ ನಿಂತ ನಾವು ಮಾತ್ರ.

ಬಸ್ ಬರಲೇ ಇಲ್ಲದೆ ಆಟೊ ಹತ್ತಿದ್ದರೆ ಅದನ್ನೂ ಬರೆಯಿರಿ. ಚಾಲಕರ, ನಿರ್ವಾಹಕರ ಫೋಟೊ ಮಾತ್ರ ಹಾಕಬೇಡಿ. ಭಾನುವಾರ ರಾತ್ರಿಯವರೆಗೆ ಬಂದದ್ದನ್ನೆಲ್ಲ ನಮ್ಮ ಮನವಿಪತ್ರಕ್ಕೆ ಸೇರಿಸುತ್ತೇವೆ.